ಹೃದಯ, ಲಿವರ್ ಉಳಿದ ಮೇಲೆ ಕಿಡ್ನಿಯ ಸರದಿ
ಬೇರೆ ಅಂಗದ ಕಸಿ ಮಾಡಿಸಿಕೊಂಡವರು ಮೊದಲ ದಿನದಿಂದಲೇ ತಿಳಿದಿರಬೇಕಾದ ಸಂಗತಿ

ಚೆನ್ನೈ: ಬೆಂಗಳೂರಿನಿಂದ ಚೆನ್ನೈಗೆ ಬರುವ ರೈಲುಗಳಲ್ಲಿ ಎಕ್ಸ್‌ರೇ ಕವರು, ಫೈಲು ಹಿಡಿದು ಕುಳಿತವರು ಒಂದಿಬ್ಬರಾದರೂ ಕಾಣಸಿಗುತ್ತಾರೆ. ಕೆಲವರು ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಹೋಗುತ್ತಾರೆ. ಉಳಿದವರು ಸೆಂಟ್ರಲ್‌ವರೆಗೂ ಬರುತ್ತಾರೆ. ಹೃದಯ, ಲಿವರ್, ಶ್ವಾಸಕೋಶ ಕಸಿಗೆ ಚೆನ್ನೈ ಹೆಸರಾದ ಊರು. ಕಸಿ ಯಶಸ್ವಿಯಾಗಿ, ರೋಗಿ ನಡೆದುಕೊಂಡೇ ಮನೆಗೆ ಹೋದರೆ ಎಲ್ಲರಿಗೂ ಸಂತೋಷ. ಆದರೆ ಹಲವು ವರ್ಷಗಳ ನಂತರ ಇಂಥವರಲ್ಲಿ ಕೆಲವರಿಗೆ ಬೇರೊಂದು ತೊಂದರೆ ಎದುರಾಗುತ್ತದೆ. ಕಸಿ ಮಾಡಿದ ಹೃದಯವೋ ಲಿವರೋ ಚೆನ್ನಾಗಿಯೇ ಇರುತ್ತದೆ, ಕಿಡ್ನಿ ಮಾತ್ರ ಸೋಲುತ್ತಾ ಬಂದಿರುತ್ತದೆ.

'ಇಷ್ಟು ಖರ್ಚು, ಇಷ್ಟು ನೋವು ಆದ ಮೇಲೆ ಮತ್ತೆ ಇದೇನು?' ಎಂದು ಮನೆಯವರು ಕುಸಿದುಹೋಗುವುದು ಸಹಜ. ಎಲ್ಲ ಮುಗಿಯಿತು ಎಂದು ತಿಳಿಯುವವರೂ ಇದ್ದಾರೆ. ಹಾಗೆ ತಿಳಿಯಬೇಕಾಗಿಲ್ಲ. ಒಂದು ಅಂಗದ ಕಸಿ ಆದವರಿಗೂ ಕಿಡ್ನಿ ಕಸಿ ಮಾಡಲು ಸಾಧ್ಯವಿದೆ, ಮಾಡುತ್ತಲೂ ಇದ್ದಾರೆ. ಆದರೆ ಅದಕ್ಕೆ ತಯಾರಿ ಬೇಗ ಶುರುವಾಗಬೇಕು. ಅದಕ್ಕಿಂತ ಮುಖ್ಯವಾಗಿ, ಆ ಹಂತಕ್ಕೆ ಹೋಗದಂತೆ ಕಿಡ್ನಿಯನ್ನು ಕಾಪಾಡಿಕೊಳ್ಳುವ ಕೆಲಸ ಮೊದಲ ಕಸಿಯ ದಿನದಿಂದಲೇ ಆರಂಭವಾಗಬೇಕು.

ಕಸಿಯ ಊರು

ಈ ಭಾಗಕ್ಕೆ ಅಂಗಾಂಗ ಕಸಿ ಹೊಸದಲ್ಲ. ಭಾರತದಲ್ಲಿ ಬದುಕಿರುವ ದಾನಿಯಿಂದ ಯಶಸ್ವಿ ಕಿಡ್ನಿ ಕಸಿ ಮೊದಲು ನಡೆದದ್ದು 1971ರಲ್ಲಿ, ವೆಲ್ಲೂರಿನ ಸಿಎಂಸಿಯಲ್ಲಿ. 1998ರ ನವೆಂಬರ್‌ನಲ್ಲಿ ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ ದೇಶದ ಮೊದಲ ಯಶಸ್ವಿ ಲಿವರ್ ಕಸಿ ನಡೆದಾಗ, ಅದನ್ನು ಪಡೆದ ಎರಡು ವರ್ಷವೂ ತುಂಬದ ಮಗು ಕಾಂಚೀಪುರದ್ದು. ಲಿವರ್‌ನ ಭಾಗ ಕೊಟ್ಟವರು ತಂದೆ. ಆ ಮಗು ಬೆಳೆದು ಮುಂದೆ ವೈದ್ಯನೇ ಆದದ್ದು ಎಲ್ಲರಿಗೂ ಧೈರ್ಯ ತರುವ ಸುದ್ದಿ.

2008ರ ಸೆಪ್ಟೆಂಬರ್ ತಿಂಗಳನ್ನು ಚೆನ್ನೈ ಮರೆತಿಲ್ಲ. ತಿರುಕ್ಕಳುಕುಂಡ್ರಂನ ವೈದ್ಯ ದಂಪತಿಯ ಮಗ, 15 ವರ್ಷದ ಹಿತೇಂದ್ರನ್ ರಸ್ತೆ ಅಪಘಾತದಲ್ಲಿ ಗಾಯಗೊಂಡು, ಅವನ ಮಿದುಳು ಸತ್ತಿದೆ ಎಂದು ವೈದ್ಯರು ಘೋಷಿಸಿದರು. ತಂದೆ ತಾಯಿ ಅವನ ಅಂಗಾಂಗಗಳನ್ನು ದಾನ ಮಾಡಲು ಒಪ್ಪಿದರು. ತೇನಾಂಪೇಟೆಯಿಂದ ಮೊಗಪ್ಪೇರ್‌ಗೆ ಅವನ ಹೃದಯವನ್ನು ಪೊಲೀಸರು ದಾರಿ ಬಿಡಿಸಿ ಹನ್ನೊಂದೇ ನಿಮಿಷದಲ್ಲಿ ತಲುಪಿಸಿದರು. ಆ ಹೃದಯ ಹೋದದ್ದು ಬೆಂಗಳೂರಿನಿಂದ ಬಂದಿದ್ದ ಒಂಬತ್ತು ವರ್ಷದ ಹುಡುಗಿಗೆ. ಅದರ ಬೆನ್ನಿಗೇ ತಮಿಳುನಾಡು ಸರ್ಕಾರ ಮಿದುಳು ಸತ್ತವರ ಅಂಗಾಂಗಗಳನ್ನು ಸರದಿಯಂತೆ ಹಂಚುವ ವ್ಯವಸ್ಥೆ ತಂದಿತು. 2014ರಲ್ಲಿ ಅದಕ್ಕಾಗಿಯೇ ಟ್ರಾನ್ಸ್‌ಟ್ಯಾನ್ ಎಂಬ ಪ್ರಾಧಿಕಾರವೂ ಸ್ಥಾಪನೆಯಾಯಿತು.

ಹನ್ನೊಂದು ನಿಮಿಷದ ಸುದ್ದಿ ಪತ್ರಿಕೆಗಳ ಮುಖಪುಟದಲ್ಲಿ ಬಂತು. ಕಸಿ ಮಾಡಿಸಿಕೊಂಡವರು ನಂತರದ ವರ್ಷಗಳಲ್ಲಿ ದಿನಕ್ಕೆ ಎರಡು ಹೊತ್ತು ನುಂಗುವ ಮಾತ್ರೆಯ ಸುದ್ದಿ ಎಲ್ಲಿಯೂ ಬರುವುದಿಲ್ಲ. ಕಿಡ್ನಿಯ ವಿಷಯಕ್ಕೆ ಬಂದರೆ ತಿಳಿಯಬೇಕಾದದ್ದು ಆ ಮಾತ್ರೆಯ ಕಥೆಯೇ.

ಕಾಯುವ ಮಾತ್ರೆ, ಕಾಡುವ ಮಾತ್ರೆ

ಬೇರೆಯವರ ಅಂಗವನ್ನು ನಮ್ಮ ದೇಹ ಹೊರಗಿನದೆಂದೇ ಎಣಿಸಿ ಅದರ ಮೇಲೆ ಯುದ್ಧ ಸಾರುತ್ತದೆ. ಅದನ್ನು ತಡೆಯುವ ಮಾತ್ರೆಗಳಲ್ಲಿ ಮುಖ್ಯವಾದವು ಎರಡು. ಒಂದು ಸೈಕ್ಲೋಸ್ಪೋರಿನ್. ನಾರ್ವೆ ದೇಶದ ಮಣ್ಣಿನಲ್ಲಿದ್ದ ಶಿಲೀಂಧ್ರದಿಂದ ಬಂದ ಈ ಔಷಧವನ್ನು 1978ರಲ್ಲಿ ಇಂಗ್ಲೆಂಡಿನ ಸರ್ಜನ್ ರಾಯ್ ಕಾಲ್ನ್ ರೋಗಿಗಳಿಗೆ ಕೊಟ್ಟು ನೋಡಿದರು. ಅಮೆರಿಕದಲ್ಲಿ 1983ರಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು. ಇನ್ನೊಂದು ಟ್ಯಾಕ್ರೋಲಿಮಸ್. ಇದು ಜಪಾನಿನ ತ್ಸುಕುಬಾ ಎಂಬಲ್ಲಿನ ಮಣ್ಣಿನ ಸೂಕ್ಷ್ಮಜೀವಿಯಿಂದ 1984ರಲ್ಲಿ ದೊರೆಯಿತು. ಹೃದಯ, ಲಿವರ್ ಕಸಿ ಇಂದು ಇಷ್ಟು ಯಶಸ್ವಿಯಾಗಿದ್ದರೆ ಅದರ ಬಹುಪಾಲು ಕೀರ್ತಿ ಈ ಎರಡಕ್ಕೆ ಸಲ್ಲಬೇಕು.

ಆದರೆ ಇವೇ ಔಷಧಗಳು ಕಿಡ್ನಿಗೆ ರಕ್ತ ಒಯ್ಯುವ ಸಣ್ಣ ನಾಳಗಳನ್ನು ಬಿಗಿ ಮಾಡುತ್ತವೆ. ಆರಂಭದಲ್ಲಿ ಪ್ರಮಾಣ ತಗ್ಗಿಸಿದರೆ ಕಿಡ್ನಿ ಚೇತರಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಕಿಡ್ನಿಯ ಒಳಗೆ ಗಾಯದ ಕಲೆಯಂತೆ ಗಡುಸಾಗುತ್ತದೆ, ಅದು ಮತ್ತೆ ಮೊದಲಿನಂತಾಗುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಹೃದಯ ಕಸಿ ಆದವರನ್ನು ಪರೀಕ್ಷಿಸಿದ ವೈದ್ಯರು 1984ರಲ್ಲೇ ಇದನ್ನು ಬರೆದು ಪ್ರಕಟಿಸಿದ್ದರು.

ತಪ್ಪೆಲ್ಲ ಮಾತ್ರೆಯದೇ ಅಲ್ಲ. ಹೃದಯ ಸೋತಿದ್ದ ದಿನಗಳಲ್ಲಿ ಕಿಡ್ನಿಗೆ ಸಾಕಷ್ಟು ರಕ್ತ ಹೋಗಿರುವುದಿಲ್ಲ. ಲಿವರ್ ಕೆಟ್ಟವರಲ್ಲಿ ಕಿಡ್ನಿಯೂ ಬಳಲಿರುತ್ತದೆ. ದೊಡ್ಡ ಆಪರೇಷನ್ನಿನ ಪೆಟ್ಟು ಬೇರೆ. ನಂತರ ಸಕ್ಕರೆ ಕಾಯಿಲೆ, ರಕ್ತದೊತ್ತಡ ಸೇರಿಕೊಳ್ಳುತ್ತವೆ. ಟ್ಯಾಕ್ರೋಲಿಮಸ್ ಮತ್ತು ಸ್ಟೆರಾಯ್ಡ್ ಮಾತ್ರೆಗಳಿಂದಲೇ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದೂ ಉಂಟು.

ಎಷ್ಟು ಜನರಿಗೆ ಹೀಗಾಗುತ್ತದೆ? ಅಮೆರಿಕದಲ್ಲಿ 1990ರಿಂದ 2000ದವರೆಗೆ ಕಿಡ್ನಿ ಬಿಟ್ಟು ಬೇರೆ ಅಂಗದ ಕಸಿ ಪಡೆದ 69,321 ಜನರ ದಾಖಲೆ ತೆಗೆದು ನೋಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಸರಾಸರಿ ಮೂರು ವರ್ಷಗಳ ಅವಧಿಯಲ್ಲಿ ಶೇ. 16.5 ಮಂದಿಗೆ ತೀವ್ರ ಕಿಡ್ನಿ ವೈಫಲ್ಯ ಬಂದಿತ್ತು. ಐದು ವರ್ಷಗಳ ಲೆಕ್ಕದಲ್ಲಿ ಲಿವರ್ ಕಸಿ ಆದವರಲ್ಲಿ ಶೇ. 18.1, ಶ್ವಾಸಕೋಶದವರಲ್ಲಿ ಶೇ. 15.8, ಹೃದಯದವರಲ್ಲಿ ಶೇ. 10.9 ಮಂದಿಗೆ ಈ ಅಪಾಯವಿತ್ತು. ಕಿಡ್ನಿ ಹೀಗೆ ಸೋತವರಿಗೆ ಸಾವಿನ ಅಪಾಯ ಉಳಿದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಇದೆ. ಕಿಡ್ನಿ ಪೂರ್ತಿ ಸೋತ ಮೇಲೆ ಡಯಾಲಿಸಿಸ್‌ನಲ್ಲೇ ಉಳಿದವರಿಗೆ ಹೋಲಿಸಿದರೆ, ಕಿಡ್ನಿ ಕಸಿ ಮಾಡಿಸಿಕೊಂಡವರಲ್ಲಿ ಐದು ವರ್ಷಗಳ ಸಾವಿನ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಇದು ಅಮೆರಿಕದ ಲೆಕ್ಕ, ಕಸಿಗೆ ಶಕ್ತರೆಂದು ಆರಿಸಿದವರ ಲೆಕ್ಕ ಎಂಬುದನ್ನು ಮರೆಯಬಾರದು. ಆದರೂ ಎರಡನೆಯ ಕಸಿ ವ್ಯರ್ಥ ಸಾಹಸವಲ್ಲ ಎಂಬುದು ಇದರಿಂದ ಸ್ಪಷ್ಟ.

ಕ್ರಿಯಾಟಿನಿನ್ ಒಂದನ್ನೇ ನಂಬಬೇಡಿ

ರಕ್ತ ಪರೀಕ್ಷೆಯ ಚೀಟಿಯಲ್ಲಿ ಕ್ರಿಯಾಟಿನಿನ್ 1.3 ಎಂದಿದ್ದರೆ 'ಪರವಾಗಿಲ್ಲ' ಎಂದು ಸಮಾಧಾನಪಡುವವರೇ ಹೆಚ್ಚು. ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ದೀರ್ಘ ಕಾಯಿಲೆಯಿಂದ ಸೊರಗಿದವರಲ್ಲಿ, ಮೈ ತೂಕ ಕಡಿಮೆ ಇರುವ ಹೆಂಗಸರಲ್ಲಿ ಕಿಡ್ನಿ ಅರ್ಧದಷ್ಟು ಸೋತಿದ್ದರೂ ಈ ಅಂಕಿ ಚಿಕ್ಕದಾಗಿಯೇ ಕಾಣಬಹುದು. ಆದ್ದರಿಂದ ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕಿದ ಇಜಿಎಫ್‌ಆರ್ ಎಂಬ ಅಂಕಿಯನ್ನು ಕೇಳಿ ಪಡೆಯಬೇಕು. ಅದು ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ಕಿಡ್ನಿಗೆ ದೀರ್ಘಕಾಲದ ತೊಂದರೆ ಇದೆ ಎಂದರ್ಥ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂಬ ಪರೀಕ್ಷೆಯೂ ಅಷ್ಟೇ ಮುಖ್ಯ.

ಬ್ಯಾಂಕಿನ ಪಾಸ್‌ಬುಕ್ಕಿನಂತೆ ಒಂದು ನೋಟ್‌ಬುಕ್ ಇಟ್ಟುಕೊಳ್ಳುವುದು ಒಳ್ಳೆಯದು. ತಾರೀಕು, ಕ್ರಿಯಾಟಿನಿನ್, ಇಜಿಎಫ್‌ಆರ್, ಬಿಪಿ, ಸಕ್ಕರೆ, ರಕ್ತದಲ್ಲಿ ಮಾತ್ರೆಯ ಮಟ್ಟ, ಇಷ್ಟನ್ನು ಸಾಲಾಗಿ ಬರೆಯುತ್ತಾ ಹೋಗಬೇಕು. ಒಂದು ದಿನದ ಅಂಕಿಯಿಂದ ತಿಳಿಯದ ವಿಷಯ ಎರಡು ವರ್ಷದ ಸಾಲು ನೋಡಿದರೆ ತಿಳಿಯುತ್ತದೆ. ಬೆಂಗಳೂರಿನಲ್ಲಿ ಒಬ್ಬ ವೈದ್ಯರು, ಚೆನ್ನೈಯಲ್ಲಿ ಒಬ್ಬ ವೈದ್ಯರು ಎಂದು ಎರಡು ಕಡೆ ತೋರಿಸಿಕೊಳ್ಳುವವರಿಗೆ ಈ ನೋಟ್‌ಬುಕ್ ಇನ್ನೂ ಅಗತ್ಯ.

ಮಾತ್ರೆಯ ಮಟ್ಟ ನೋಡುವ ರಕ್ತವನ್ನು ಬೆಳಗಿನ ಮಾತ್ರೆ ನುಂಗುವ ಮೊದಲು ಕೊಡಬೇಕು. ನುಂಗಿಬಿಟ್ಟು ಲ್ಯಾಬಿಗೆ ಹೋದರೆ ಮಟ್ಟ ಸುಳ್ಳೇ ಹೆಚ್ಚಾಗಿ ಬರುತ್ತದೆ, ವೈದ್ಯರು ಪ್ರಮಾಣ ತಗ್ಗಿಸುತ್ತಾರೆ, ಕಸಿಯಾದ ಅಂಗಕ್ಕೆ ಅಪಾಯ. ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಟ್ಟರೆ ವೈದ್ಯರಿಗೆ ತಿಳಿಸದೆ ಬದಲಾಯಿಸಬಾರದು.

ಮನೆಯಲ್ಲಿ ಎಚ್ಚರ

ಮಂಡಿ ನೋವಿಗೆ, ತಲೆನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಇಂಥವರ ಕಿಡ್ನಿಗೆ ನೇರ ಪೆಟ್ಟು ಕೊಡುತ್ತವೆ. ಕ್ಲಾರಿತ್ರೋಮೈಸಿನ್‌ನಂಥ ಆಂಟಿಬಯಾಟಿಕ್, ಫಂಗಸ್‌ಗೆ ಕೊಡುವ ಕೆಲವು ಮಾತ್ರೆಗಳು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಅದನ್ನು ಇಳಿಸಿಬಿಡುತ್ತದೆ. ಆದ್ದರಿಂದ ನೆಗಡಿ ಜ್ವರಕ್ಕೆ ಹೋದರೂ 'ನನಗೆ ಕಸಿ ಆಗಿದೆ' ಎಂದು ಮೊದಲು ಹೇಳಬೇಕು.

ಹಣ್ಣಿನ ವಿಷಯದಲ್ಲಿ ಚಕ್ಕೋತ ಬೇಡ, ಅದೂ ಮಾತ್ರೆಯ ಮಟ್ಟ ಏರಿಸುತ್ತದೆ. ನಾಟಿ ಮದ್ದು, ಕಷಾಯ, ಲೇಹ್ಯ ಯಾವುದನ್ನೂ ಕೇಳದೆ ತೆಗೆದುಕೊಳ್ಳಬಾರದು. ಕಿಡ್ನಿ ಇಳಿಮುಖವಾದವರಿಗೆ ಎಳನೀರು ಕೂಡ ಅಪಾಯ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಟ್ಯಾಕ್ರೋಲಿಮಸ್ ಸಹ ರಕ್ತದ ಪೊಟ್ಯಾಸಿಯಂ ಏರಿಸುವ ಗುಣದ್ದು. ಚೆನ್ನೈಯ ಅಗ್ನಿನಕ್ಷತ್ರದ ಬಿಸಿಲಿನಲ್ಲಿ ವಾಂತಿ ಭೇದಿ ಆದರೆ ಮನೆಯಲ್ಲೇ ಕಾಯುವಂತಿಲ್ಲ. ದೇಹದ ನೀರು ಇಳಿಯುವುದರ ಜೊತೆಗೆ, ಭೇದಿಯಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಏರುವುದರಿಂದ ಕಿಡ್ನಿಗೆ ಎರಡು ಕಡೆಯಿಂದ ಏಟು.

ಇಷ್ಟೆಲ್ಲ ಕೇಳಿ ಹೆದರಿ ಮಾತ್ರೆಯನ್ನೇ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ನಿಲ್ಲಿಸಿದರೆ ಕಸಿಯಾದ ಹೃದಯವೋ ಲಿವರೋ ಹೋಗುತ್ತದೆ. ಪ್ರಮಾಣ ತಗ್ಗಿಸಿ ಮೈಕೋಫಿನೋಲೇಟ್, ಎವರೋಲಿಮಸ್‌ನಂಥ ಬೇರೆ ಔಷಧ ಜೋಡಿಸುವ ದಾರಿಗಳು ವೈದ್ಯರ ಬಳಿ ಇವೆ. ಅದು ಅವರೇ ಮಾಡಬೇಕಾದ ಕೆಲಸ.

ಎರಡನೆಯ ಕಸಿ ಹೇಗೆ?

ಇಷ್ಟಾದರೂ ಕಿಡ್ನಿ ಇಳಿಯುತ್ತಾ ಹೋದರೆ ಮುಂದಿನ ದಾರಿ ಡಯಾಲಿಸಿಸ್ ಅಥವಾ ಕಸಿ. ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಹೊಸದನ್ನು ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ಕೂರಿಸುತ್ತಾರೆ. ಲಿವರ್ ಕಸಿಯ ಗಾಯ ಮೇಲ್ಹೊಟ್ಟೆಯಲ್ಲಿ, ಹೃದಯದ್ದು ಎದೆಯಲ್ಲಿ ಇರುವುದರಿಂದ ಜಾಗದ ತೊಂದರೆ ಅಷ್ಟಾಗಿ ಬರುವುದಿಲ್ಲ. ರೋಗಿ ಈಗಾಗಲೇ ನುಂಗುತ್ತಿರುವ ಮಾತ್ರೆಗಳೇ ಹೊಸ ಕಿಡ್ನಿಯನ್ನೂ ಕಾಯುತ್ತವೆ, ಪ್ರಮಾಣವನ್ನಷ್ಟೇ ಹೊಸದಾಗಿ ಹೊಂದಿಸಬೇಕು.

ತೊಡಕುಗಳೂ ಇವೆ. ಕಸಿ ಮಾಡಿದ ಹೃದಯಕ್ಕೆ ನರಗಳ ಸಂಪರ್ಕ ಕಡಿದಿರುವುದರಿಂದ ಮಾಮೂಲಿ ಹೃದಯ ಸ್ಪಂದಿಸುವ ಕೆಲವು ಔಷಧಗಳಿಗೆ ಅದು ಸ್ಪಂದಿಸುವುದಿಲ್ಲ. ಅರಿವಳಿಕೆ ವೈದ್ಯರು ಅದನ್ನು ಬಲ್ಲವರಾಗಿರಬೇಕು. ಹಲವು ವರ್ಷ ರೋಗನಿರೋಧಕ ಶಕ್ತಿ ತಗ್ಗಿಸಿಕೊಂಡವರಲ್ಲಿ ಸೋಂಕು, ಕ್ಯಾನ್ಸರ್ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಮತ್ತೊಂದು ತೊಡಕು ರಕ್ತದಲ್ಲಿರುತ್ತದೆ. ಮೊದಲ ಕಸಿಯ ಅಂಗವನ್ನು ಕಂಡ ದೇಹ ಅನೇಕ ವೇಳೆ ಅಂಥ ಅಂಗಾಂಶದ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಟ್ಟಿರುತ್ತದೆ. ರಕ್ತ ಹಾಕಿಸಿಕೊಂಡಾಗ, ಹೆಂಗಸರಲ್ಲಿ ಗರ್ಭ ಧರಿಸಿದಾಗಲೂ ಇವು ಹುಟ್ಟಬಹುದು. ದಾನಿಯ ಜೀವಕೋಶದೊಂದಿಗೆ ರೋಗಿಯ ರಕ್ತದ್ರವ ಸೇರಿಸಿ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಯಲ್ಲಿ ವಿರೋಧ ಕಂಡರೆ, ರಕ್ತದ ಗುಂಪು ಒಂದೇ ಆದರೂ ಆ ಕಿಡ್ನಿ ಹೊಂದುವುದಿಲ್ಲ. ಆದ್ದರಿಂದ ರಕ್ತಹೀನತೆಗೆ ಸುಮ್ಮನೆ ರಕ್ತ ಹಾಕಿಸದೆ, ಕಬ್ಬಿಣಾಂಶ ಮತ್ತು ಎರಿತ್ರೋಪಾಯಿಟಿನ್ ಚುಚ್ಚುಮದ್ದಿನಿಂದ ಸರಿಪಡಿಸಲಾದೀತೇ ಎಂದು ಕೇಳುವುದು ಜಾಣತನ. ಡಯಾಲಿಸಿಸ್ ಬೇಕಾಗಬಹುದು ಎಂದಾಗ ಬರೆಯದ ಕೈಯ ರಕ್ತನಾಳಗಳನ್ನು ಕಾಪಾಡಬೇಕು, ಆ ಕೈಯಲ್ಲಿ ಸೂಜಿ ಚುಚ್ಚಿಸಬಾರದು.

ಮನೆಯೊಳಗಿನ ಪ್ರಶ್ನೆ

ಎಲ್ಲಕ್ಕಿಂತ ಕಷ್ಟದ ವಿಷಯ ಆಸ್ಪತ್ರೆಯಲ್ಲಿಲ್ಲ, ಮನೆಯಲ್ಲಿದೆ. ಮಗನಿಗೆ ತಂದೆ ಲಿವರ್‌ನ ಭಾಗ ಕೊಟ್ಟಿದ್ದಾರೆ ಎಂದುಕೊಳ್ಳೋಣ. ಹತ್ತು ವರ್ಷದ ನಂತರ ಅದೇ ಮಗನಿಗೆ ಕಿಡ್ನಿ ಬೇಕು. ತಂದೆಗೆ ವಯಸ್ಸಾಗಿದೆ. ಕತ್ತರಿಸಿ ಕೊಟ್ಟ ಲಿವರ್ ಮತ್ತೆ ಬೆಳೆಯುತ್ತದೆ, ಕೊಟ್ಟ ಕಿಡ್ನಿ ಮತ್ತೆ ಬೆಳೆಯುವುದಿಲ್ಲ. ಒಬ್ಬರೇ ಎರಡನ್ನೂ ಕೊಟ್ಟ ಉದಾಹರಣೆಗಳು ಜಗತ್ತಿನಲ್ಲಿ ಉಂಟಾದರೂ ತೀರಾ ವಿರಳ. ಆಗ ಎಲ್ಲರ ಕಣ್ಣು ತಾಯಿಯ ಮೇಲೆ, ಇಲ್ಲವೇ ಹೆಂಡತಿಯ ಮೇಲೆ ಬೀಳುತ್ತದೆ. ನಮ್ಮ ದೇಶದಲ್ಲಿ ಬದುಕಿರುವಾಗ ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. 'ಅವರು ಕೊಟ್ಟರು, ನೀನು ಕೊಡುವುದಿಲ್ಲವೇ?' ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ಕೊಡಲಾರೆ ಎನ್ನುವ ಹಕ್ಕು ದಾನಿಗೆ ಕೊನೆಯ ಗಳಿಗೆಯವರೆಗೂ ಇದೆ. ಮನಸ್ಸಿಲ್ಲದವರು ಆಸ್ಪತ್ರೆಯ ಸಂಯೋಜಕರ ಬಳಿ ಏಕಾಂತದಲ್ಲಿ ಹೇಳಿಕೊಳ್ಳಬಹುದು.

1994ರ ಅಂಗಾಂಗ ಕಸಿ ಕಾಯಿದೆ ತಂದೆ, ತಾಯಿ, ಮಗ, ಮಗಳು, ಅಣ್ಣ ತಮ್ಮ, ಅಕ್ಕ ತಂಗಿ, ಗಂಡ ಅಥವಾ ಹೆಂಡತಿಯನ್ನು ಹತ್ತಿರದ ಸಂಬಂಧಿಗಳೆಂದು ಹೇಳಿದೆ. 2011ರ ತಿದ್ದುಪಡಿ ಅಜ್ಜ ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಸೇರಿಸಿತು, ಹೊಂದದ ಎರಡು ಜೋಡಿಗಳು ದಾನಿಗಳನ್ನು ಅದಲು ಬದಲು ಮಾಡಿಕೊಳ್ಳಲೂ ಅವಕಾಶ ಕೊಟ್ಟಿತು. ಇತರರು ಕೊಡುವುದಾದರೆ ಸಮಿತಿಯ ಅನುಮತಿ ಬೇಕು.

ದಾನಿ ಸಿಗಲಿಲ್ಲವೆಂದು ದುಡ್ಡಿಗೆ ಕೊಳ್ಳುವ ಯೋಚನೆ ಬೇಡವೇ ಬೇಡ. ಅದು ಅಪರಾಧ. ವಿಲ್ಲಿವಾಕ್ಕಂ ಒಂದು ಕಾಲದಲ್ಲಿ ಕಿಡ್ನಿ ಮಾರುವವರ ಪೇಟೆ ಎಂದು ಕುಖ್ಯಾತವಾಗಿದ್ದುದು ಇಲ್ಲಿನ ಹಳಬರಿಗೆ ಗೊತ್ತು. ಚೆನ್ನೈಯಲ್ಲಿ ಕಿಡ್ನಿ ಮಾರಿದ್ದ 305 ಮಂದಿಯನ್ನು 2001ರಲ್ಲಿ ಕಂಡು ಮಾತನಾಡಿಸಿದ ಅಧ್ಯಯನವೊಂದರ ಪ್ರಕಾರ, ಶೇ. 96 ಮಂದಿ ಮಾರಿದ್ದು ಸಾಲ ತೀರಿಸಲು. ಮಾರಿದ ನಂತರ ಮನೆಯ ಆದಾಯ ಸರಾಸರಿ ಮೂರನೆಯ ಒಂದು ಭಾಗ ಇಳಿದಿತ್ತು. ಬೇರೆಯವರಿಗೆ ಮಾರಲು ಹೇಳುವುದಿಲ್ಲ ಎಂದವರು ಶೇ. 79. ಸಾಲವೂ ಪೂರ್ತಿ ತೀರದೆ ಮೈಯೂ ಸೊರಗಿದವರ ಲೆಕ್ಕವಿದು.

ಸರದಿ ಎಲ್ಲಿ?

ಮನೆಯಲ್ಲಿ ದಾನಿ ಇದ್ದರೆ ಡಯಾಲಿಸಿಸ್ ಆರಂಭವಾಗುವ ಮೊದಲೇ ಕಸಿ ಮಾಡಿಸಲು ಸಾಧ್ಯ. ಮಿದುಳು ಸತ್ತವರ ಕಿಡ್ನಿಗೆ ಕಾಯುವುದಾದರೆ ಹಾಗಲ್ಲ. ರಾಷ್ಟ್ರೀಯ ಅಂಗಾಂಗ ಸಂಸ್ಥೆಯಾದ ನೋಟ್ಟೋದ ಮಾರ್ಗಸೂಚಿ ಮೂರು ತಿಂಗಳಿಗೂ ಹೆಚ್ಚು ನಿಯಮಿತ ಡಯಾಲಿಸಿಸ್‌ನಲ್ಲಿ ಇರುವವರನ್ನು ಪಟ್ಟಿಗೆ ಸೇರಿಸಲು ಹೇಳುತ್ತದೆ. ಅಮೆರಿಕದಲ್ಲಿ ಲಿವರ್ ಕಸಿಯಾದ ಒಂದು ವರ್ಷದೊಳಗೆ ಕಿಡ್ನಿ ಸೋತವರಿಗೆ 2017ರಿಂದಲೂ, ಹೃದಯ ಮತ್ತು ಶ್ವಾಸಕೋಶದವರಿಗೆ 2023ರಿಂದಲೂ ಸರದಿಯಲ್ಲಿ ವಿಶೇಷ ಆದ್ಯತೆ ಇದೆ. ಒಮ್ಮೆ ದಾನವಾಗಿ ಬಂದ ಅಂಗ ಕಿಡ್ನಿಯಿಂದಾಗಿ ವ್ಯರ್ಥವಾಗಬಾರದು ಎಂಬುದು ಅದರ ಹಿಂದಿನ ಯೋಚನೆ. ನಮ್ಮಲ್ಲೂ ಈ ವಿಷಯ ಚರ್ಚೆಗೆ ಬರುವುದು ಒಳ್ಳೆಯದು.

ಹೆಸರು ನೋಂದಣಿ ಕಸಿ ಪರವಾನಗಿ ಇರುವ ಆಸ್ಪತ್ರೆಯ ಮೂಲಕವೇ ಆಗಬೇಕು. ನೋಂದಣಿಗೆ ಅದೇ ರಾಜ್ಯದವರಾಗಿರಬೇಕು ಎಂಬ ಷರತ್ತನ್ನು ಕೈಬಿಡಲು ಕೇಂದ್ರ 2023ರಲ್ಲಿ ರಾಜ್ಯಗಳಿಗೆ ಸೂಚಿಸಿತು, 65 ವರ್ಷದ ಮಿತಿಯನ್ನೂ ತೆಗೆಯಿತು. ಆದರೂ ಕರ್ನಾಟಕದಿಂದ ಬಂದವರು ಇಲ್ಲಿ ನೋಂದಾಯಿಸುವುದೋ, ಬೆಂಗಳೂರಿನಲ್ಲಿ ಜೀವಸಾರ್ಥಕತೆಯ ಮೂಲಕ ನೋಂದಾಯಿಸುವುದೋ ಎಂಬುದನ್ನು ಸಂಯೋಜಕರೊಂದಿಗೆ ಕೂತು ಯೋಚಿಸಬೇಕು. ಕರೆ ಬಂದ ಕೆಲವೇ ಗಂಟೆಗಳಲ್ಲಿ ಆಸ್ಪತ್ರೆ ತಲುಪಬೇಕಾಗುತ್ತದೆ.

ಇಲ್ಲೇ ನೆಲೆಸಿ ತಮಿಳುನಾಡಿನ ರೇಷನ್ ಕಾರ್ಡ್ ಇರುವ, ವರ್ಷದ ಆದಾಯ 1,20,000 ರೂ. ಮೀರದ ಕುಟುಂಬಗಳಿಗೆ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆ ಇದೆ. ಕಾಯಿಲೆ ಬಂದ ಮೇಲೆ ಓಡಾಡುವ ಬದಲು ಆದಾಯ ಪ್ರಮಾಣಪತ್ರ ಮಾಡಿಸಿ ಈಗಲೇ ಸೇರಿಕೊಳ್ಳುವುದು ವಾಸಿ. ರಿಯಾಯಿತಿ ದರದ ಡಯಾಲಿಸಿಸ್‌ಗೆ 1993ರಿಂದ ಚೆನ್ನೈಯಲ್ಲಿರುವ ಟ್ಯಾಂಕರ್ ಫೌಂಡೇಷನ್, ಅಂಗದಾನದ ಮಾಹಿತಿಗೆ 1997ರಲ್ಲಿ ಇಲ್ಲೇ ಆರಂಭವಾದ ಮೋಹನ್ ಫೌಂಡೇಷನ್ ಕನ್ನಡಿಗರಿಗೂ ತೆರೆದಿವೆ.

ಮನೆಯಲ್ಲಿ ಕಸಿ ಆದವರಿದ್ದರೆ ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನಾಲ್ಕು ಪ್ರಶ್ನೆ ಕೇಳಿ. ಇಜಿಎಫ್‌ಆರ್ ಈಗ ಎಷ್ಟು, ಕಳೆದ ವರ್ಷ ಎಷ್ಟಿತ್ತು? ಮೂತ್ರದಲ್ಲಿ ಪ್ರೋಟೀನ್ ಇದೆಯೇ? ಮಾತ್ರೆಯ ಪ್ರಮಾಣ ತಗ್ಗಿಸಲು ಸಾಧ್ಯವೇ? ಕಿಡ್ನಿ ವೈದ್ಯರನ್ನು ಈಗಲೇ ಕಾಣಬೇಕೇ? ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದುಕೊಳ್ಳಿ.